ರೋಜರ್ ವಾಟರ್ಸ್: ಎರಡರಲ್ಲಿ ಮೊದಲು ಯಾವುದು?

2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡದ ಗಾಯಕರಾಗಿದ್ದ ರೋಜರ್ ವಾಟರ್ಸ್ ಹಾಡಿದ್ದನ್ನು ಇಂದಿಗೂ ನೆನೆಯುವ ನನ್ನ ಗೆಳೆಯರಲ್ಲೇ ಕೆಲವರು, ಪಿಂಕ್ ಫ್ಲಾಯ್ಡ್ ಆಚೆಗಿನ ಅವರ ಸ್ವಂತ ಆಲ್ಬಂಗಳನ್ನು ಪೂರ್ತಿಯಾಗಿ ಕೇಳಿಲ್ಲ. ಆರಂಭಿಸುವವರಿಗೆ ಎರಡು ಆಯ್ಕೆಗಳಿವೆ.

1984ರ ‘ದಿ ಪ್ರೋಸ್ ಅಂಡ್ ಕಾನ್ಸ್ ಆಫ್ ಹಿಚ್ ಹೈಕಿಂಗ್’ ಒಬ್ಬನ ಬೆಳಗಿನ ಜಾವದ ಕನಸಿನ ಕಥೆಯಾಗಿದ್ದು, ಹಾಡುಗಳ ಹೆಸರಿನಲ್ಲೇ ಗಡಿಯಾರದ ಸಮಯವಿದೆ. ಎರಿಕ್ ಕ್ಲಾಪ್ಟನ್ ಅವರ ಗಿಟಾರ್ ಇದರ ಜೀವಾಳ. ಆದರೆ ಒಂದೇ ಧಾಟಿ ಮತ್ತೆ ಮತ್ತೆ ಮರಳುತ್ತದೆ ಎಂಬ ಕೇಳುಗರ ಆಕ್ಷೇಪ ಸುಳ್ಳಲ್ಲ.

1992ರ ‘ಅಮ್ಯೂಸ್ಡ್ ಟು ಡೆತ್’ ಎಪ್ಪತ್ತು ನಿಮಿಷಗಳಿಗೂ ದೀರ್ಘವಾಗಿದ್ದು, ಯುದ್ಧವನ್ನೂ ಮನರಂಜನೆಯಾಗಿಸಿದ ಟಿವಿಯನ್ನು ಕಟುವಾಗಿ ವಿಮರ್ಶಿಸುತ್ತದೆ. ಇದು ಉಪದೇಶವಾಯಿತು ಎನ್ನುವವರಿದ್ದಾರೆ, ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆದರೂ ಮಾತು ನಿಂತಲ್ಲಿಂದ ಜೆಫ್ ಬೆಕ್ ಅವರ ಗಿಟಾರ್ ಮುಂದುವರಿಯುತ್ತದೆ. ಎರಡೇ ಸ್ಪೀಕರ್‌ಗಳಿಂದ ಧ್ವನಿ ಸುತ್ತಲಿಂದ ಬಂದಂತೆ ಕೇಳಿಸುವ ಕ್ಯೂಸೌಂಡ್ ತಂತ್ರದಿಂದ ಈ ಆಲ್ಬಂ ಮಿಶ್ರಣಗೊಂಡಿರುವುದರಿಂದ, ಎರಡು ಸ್ಪೀಕರ್‌ಗಳ ನಡುವೆ ಸರಿಯಾಗಿ ಕುಳಿತರೆ ಆರಂಭದಲ್ಲಿ ಬೊಗಳುವ ನಾಯಿ ಕೋಣೆಯ ಗೋಡೆಯಾಚೆ, ಪಕ್ಕದ ಮನೆಯ ಕಾಂಪೌಂಡಿನಲ್ಲಿ ಇದ್ದಂತೆ ಕೇಳಿಸುತ್ತದೆ (ನಾನು ಒಮ್ಮೆ ಎದ್ದು ಕಿಟಕಿ ನೋಡಿದ್ದೂ ಉಂಟು).

ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ಮೊದಲನೆಯದು ಸಾಕು. ಮನೆಯಲ್ಲಿ ಸ್ಪೀಕರ್ ಮತ್ತು ಬಿಡುವಿನ ಸಂಜೆ ಇರುವವರು ಎರಡನೆಯದನ್ನೇ, ಸಾಧ್ಯವಾದರೆ 2015ರ ಮರುಮುದ್ರಣವನ್ನೇ ಆರಿಸಿಕೊಳ್ಳಬೇಕು.