ಟಾಪ್ ಇಲ್ಲದ ಹಳೇ ಕಾರಿನ ಬಾಗಿಲ ಕೆಳಗಿನ ಸಿಲ್ ಕತ್ತರಿಸುವ ಮುಂಚೆ ಇದನ್ನು ಓದಿ

ಕೊಟ್ಟಿಗೆಯಲ್ಲಿ ನಿಂತ ಹಳೇ ಗಾಡಿಯನ್ನು ಹೊರಗೆ ಎಳೆದು, ಪಾರ್ಟ್ಸ್‌ಗೆ ಅಂತ ಇನ್ನೊಂದೆರಡು ಗಾಡಿ ತಂದು ರೆಡಿ ಮಾಡಿಸೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದೂ ಟಾಪ್ ಇಲ್ಲದ ಗಾಡಿ ಆಗಿದ್ದರೆ ಎರಡು ಸಲ ಓದಿ. ನನಗೆ ದುಡ್ಡು ಹೋಯಿತು, ಎರಡು ಮಳೆಗಾಲ ಹೋಯಿತು. ಅದೆಲ್ಲಾ ಇರಲಿ. ಗಾಜನೂರಿನ ಹತ್ತಿರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಗ ಗಾಡಿಯ ಮುಂದಿನ ಚಕ್ರ ಮಡಚಿಕೊಂಡು ಬಿತ್ತು. ಇದು ಇನ್ಯಾರಿಗೂ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನಮ್ಮ ದೊಡ್ಡಪ್ಪನದು. ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಕಾರು, ಎರಡೇ ಸೀಟು, ಬಟ್ಟೆಯ ಟಾಪು, 1147 ಸಿಸಿ ಎಂಜಿನ್ನು. ಬಾನೆಟ್ ಎತ್ತಿದರೆ ಮಡ್‌ಗಾರ್ಡೂ ಹೆಡ್‌ಲೈಟೂ ಸೇರಿ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡುವುದೇ ನನಗೊಂದು ಹಬ್ಬ. ತೀರ್ಥಹಳ್ಳಿ ಪೇಟೆಗೆ ಅಡಿಕೆ ಲೆಕ್ಕಕ್ಕೆ ಹೋಗುವಾಗ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಮೂವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇತ್ತು.

ಮೇಲೆ ಟಾರ್ಪಾಲು ಹೊದಿಸಿದ್ದರಿಂದ ಗಾಡಿ ಚೆನ್ನಾಗಿಯೇ ಇದೆ ಅಂದುಕೊಂಡಿದ್ದೆವು. ನಮ್ಮ ಕಡೆಯ ಮಳೆ ಗೊತ್ತಲ್ಲ, ಮಾಡಿನಿಂದ ಸೋರದಿದ್ದರೂ ಮಣ್ಣಿನ ನೆಲದಿಂದ ಶೀತ ಏಳುತ್ತದೆ. ಆ ಶೀತವನ್ನು ಟಾರ್ಪಾಲು ಹೊರಗೆ ಬಿಡುವುದಿಲ್ಲ. ಸೀಟು ಎತ್ತಿದರೆ ಕೆಳಗೆ ಅಡಿಕೆ ಸಿಪ್ಪೆ ತುಂಬಿದ ಇಲಿಗೂಡು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆ ಇದೆಯಲ್ಲ, ಸಿಲ್ ಅಂತಾರೆ, ಅದನ್ನು ಹೆಬ್ಬೆಟ್ಟಿನಲ್ಲಿ ಒತ್ತಿದೆ. ಬೆರಳು ಒಳಗೇ ಹೋಯಿತು. ಕೆಂಪು ಪುಡಿ ನನ್ನ ಪಾದದ ಮೇಲೆ ಉದುರಿತು.

ಈಗ ಪಾರ್ಟ್ಸ್ ಗಾಡಿಗಳ ವಿಷಯಕ್ಕೆ ಬರುತ್ತೇನೆ. ಸ್ಪಿಟ್‌ಫೈರ್ 1962ರಲ್ಲಿ ಬಂದಿದ್ದು. ಅದನ್ನು ಟ್ರಯಂಫ್ ಹೆರಾಲ್ಡ್‌ನ ಸಾಮಾನಿನ ಮೇಲೆಯೇ ಕಟ್ಟಿದ್ದು, ಎರಡರ ಬಾಡಿಗೂ ಡಿಸೈನ್ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಗುತ್ತಿತ್ತು. ಹಾಗಾಗಿ ನಮ್ಮಲ್ಲಿ ಹುಡುಕಿದರೆ ಹೆರಾಲ್ಡ್ ಸಿಗುತ್ತದೆ. ದಾವಣಗೆರೆಯ ಗುಜರಿಯೊಂದರಲ್ಲಿ ಒಂದು, ಚಿಕ್ಕಮಗಳೂರು ಕಡೆಯ ತೋಟದ ಮನೆಯಲ್ಲಿ ಇನ್ನೊಂದು ಸಿಕ್ಕವು. ಎರಡನ್ನೂ ಲಾರಿಗೆ ಹಾಕಿಸಿ ಶಿವಮೊಗ್ಗದ ಒಂದು ಗ್ಯಾರೇಜಿಗೆ ತಂದು ಇಳಿಸಿದೆ.

ಅಲ್ಲಿಯ ಮೇಸ್ತ್ರಿ ಹೆರಾಲ್ಡ್ ಕೆಲಸ ಬಲ್ಲವರು. ಅದು ಸುಳ್ಳಲ್ಲ. "ಎಲ್ಲಾ ಒಂದೇ ಸಾರ್, ಅಣ್ಣತಮ್ಮಂದಿರು ಇದ್ದಂಗೆ, ನೀವು ಚಿಂತೆ ಬಿಡಿ" ಅಂದರು. ನಾನು ಚಿಂತೆ ಬಿಟ್ಟೆ. ಅಲ್ಲೇ ತಪ್ಪಾಗಿದ್ದು.

ಹೆರಾಲ್ಡ್‌ನ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಎರಡೂ ಪಕ್ಕ ಉದ್ದಕ್ಕೆ ಕಬ್ಬಿಣದ ರೈಲು ಇದೆ. ಬಾಡಿಯ ಭಾರ ಅದರ ಮೇಲೆ ಕೂರುತ್ತದೆ. ಅದರ ಸಿಲ್ ಬರೀ ಬೋಲ್ಟ್ ಹಾಕಿದ ಮುಚ್ಚಳದ ತಗಡು, ಬಿಚ್ಚಿ ಪಕ್ಕಕ್ಕಿಟ್ಟರೂ ಗಾಡಿಗೆ ಏನೂ ಆಗುವುದಿಲ್ಲ. ಸ್ಪಿಟ್‌ಫೈರ್‌ಗೆ ಆ ಪಕ್ಕದ ರೈಲುಗಳೇ ಇಲ್ಲ, ನಡುವೆ ಬೆನ್ನುಮೂಳೆ ಥರದ ಚಾಸಿ ಅಷ್ಟೇ. ಪಕ್ಕದ ಬಲವೆಲ್ಲಾ ಆ ಸಿಲ್‌ನಲ್ಲೇ ಇದೆ. ಮೇಲೆ ತಗಡಿನ ಟಾಪೂ ಇಲ್ಲದ್ದರಿಂದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡಲು ಬೇರೆ ಆಸರೆ ಇಲ್ಲ. ಮೇಸ್ತ್ರಿ ಹೆರಾಲ್ಡ್ ಲೆಕ್ಕದಲ್ಲೇ ಕೆಲಸ ಮಾಡಿದರು. ಬಾಡಿಯನ್ನು ಚಾಸಿಯಿಂದ ಎತ್ತಿ, ಹಿಂದೊಂದು ಮುಂದೊಂದು ಮರದ ದಿಮ್ಮಿ ಕೊಟ್ಟು, ಎರಡೂ ಪಕ್ಕದ ಸಿಲ್ ಒಂದೇ ದಿನ ಗ್ರೈಂಡರಿನಲ್ಲಿ ಕತ್ತರಿಸಿ ಹಾಕಿದರು.

ವಾರ ಬಿಟ್ಟು ಹೋದಾಗ ಹೊಸ ತಗಡು ಬೆಸುಗೆ ಆಗಿತ್ತು. ಬಾಗಿಲು ಹಾಕಲು ನೋಡಿದೆ, ಕೂರಲಿಲ್ಲ. ಬಾಗಿಲ ಮೇಲ್ತುದಿ ಹಿಂದಿನ ಕಂಬಕ್ಕೆ ತಾಗುತ್ತಿತ್ತು, ಕೆಳಗೆ ಮಾತ್ರ ಬೆರಳು ತೂರುವಷ್ಟು ಸಂದು. ಬಾಡಿ ನಡುವೆ ಕುಸಿದಿತ್ತು, ಕುಸಿದ ಹಾಗೆಯೇ ಅದನ್ನು ಬೆಸೆದಿದ್ದರು. ಆಗ ನನಗೆ ಅದು ತಿಳಿಯಲಿಲ್ಲ. "ಪೇಂಟ್ ಹೊತ್ತಿಗೆ ಸರಿ ಹೋಗುತ್ತೆ ಸಾರ್" ಅಂದರು. ಆಮೇಲೆ ಬಾಗಿಲ ಅಂಚನ್ನೇ ಉಜ್ಜಿ, ಸಂದಿಗೆ ಪುಟ್ಟಿ ತುಂಬಿ ಕೂರಿಸಿದರು. ನೋಡಲು ಚೆಂದ ಇತ್ತು. ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತೆಗೆದುಕೊಂಡು ಹೋಗಿ ಮುಟ್ಟಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ದಪ್ಪ ಪುಟ್ಟಿ ಇರುವ ಕಡೆ ಅದು ಕಚ್ಚಿಕೊಳ್ಳುವುದಿಲ್ಲ.

ಎಂಜಿನ್ ಕಥೆ ಚಿಕ್ಕದು. ಎರಡೂ ಹೆರಾಲ್ಡ್‌ಗಳದ್ದು 948 ಸಿಸಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಹೆರಾಲ್ಡ್‌ಗೂ ಸ್ಪಿಟ್‌ಫೈರ್‌ಗೂ 76 ಮಿ.ಮೀ. ಆದರೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹೆರಾಲ್ಡ್‌ನದ್ದು 63 ಮಿ.ಮೀ., ಸ್ಪಿಟ್‌ಫೈರ್‌ನದ್ದು 69.3. ಪಿಸ್ಟನ್, ರಿಂಗ್ ಯಾವುದೂ ಆಗಲಿಲ್ಲ, ಇಂಗ್ಲೆಂಡಿನಿಂದ ತರಿಸಿ ಮೇಲೆ ಕಸ್ಟಮ್ಸ್ ಸುಂಕವನ್ನೂ ಕಟ್ಟಿದೆ.

ಬೋಲ್ಟ್ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ಮೂರೂ ಗಾಡಿಯ ನಟ್ಟು ಬೋಲ್ಟು ಒಂದೇ ಗೋಣಿಚೀಲಕ್ಕೆ ಬಿದ್ದಿದ್ದವು. ಸಿಗದಿದ್ದಕ್ಕೆ ಅಂಗಡಿಯಿಂದ 8 ಮಿ.ಮೀ. ಬೋಲ್ಟ್ ತಂದು ಹಾಕಿದರು. ಈ ಗಾಡಿಯಲ್ಲಿ ಇರುವುದು ಇಂಚಿನ ಲೆಕ್ಕದ ಯುಎನ್‌ಎಫ್ ಥ್ರೆಡ್. 5/16 ಇಂಚು ಅಂದರೆ ಹತ್ತಿರ ಹತ್ತಿರ 7.94 ಮಿ.ಮೀ. ಹಾಗಾಗಿ ಎಂಟರ ಬೋಲ್ಟ್ ಮೊದಲ ಸುತ್ತು ಕಚ್ಚುತ್ತದೆ, ಸ್ಪ್ಯಾನರ್‌ಗೆ ಜೋರು ಕೊಟ್ಟರೆ ಒಳಗೂ ಹೋಗುತ್ತದೆ. ಹೋಗುತ್ತಾ ಒಳಗಿನ ಥ್ರೆಡ್ಡನ್ನೆಲ್ಲಾ ಕಿತ್ತು ಹಾಕುತ್ತದೆ. ಹೀಗೆ ಹನ್ನೊಂದು ತೂತು ಹಾಳಾಗಿದ್ದನ್ನು ಆಮೇಲೆ ನಾನೇ ಎಣಿಸಿದೆ.

ಇನ್ನು ಆ ದಿನದ ಮಾತು. ಮಳೆ ಬಿಟ್ಟು ಒಂದು ತಿಂಗಳಾಗಿತ್ತು. ಗಾಡಿ ಸ್ಟಾರ್ಟ್ ಆಗಿ ಚೆನ್ನಾಗಿ ಓಡುತ್ತಿತ್ತು. ಮಗಳು "ಅಪ್ಪಾ, ಟಾಪ್ ತೆಗೆದು ಹೋಗೋಣ" ಅಂದಳು. ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನವರೆಗೆ ಹೋಗಿ ಬರೋಣ ಅಂತ ಹೊರಟೆವು. ಹೊಂಡಕ್ಕೆ ಇಳಿದಾಗಲೆಲ್ಲಾ ಅವಳ ಕಡೆಯ ಬಾಗಿಲು ಕಿರ್ ಅನ್ನುತ್ತಿತ್ತು. ಗಾಜನೂರಿನ ಹತ್ತಿರ ಎಳನೀರು ಕುಡಿದು ಹೊರಡುವಾಗ, ರಸ್ತೆಗೆ ಹತ್ತಿಸಲು ನಿಧಾನಕ್ಕೆ ಬಲಕ್ಕೆ ತಿರುಗಿಸಿದೆ. ನಡೆದು ಹೋಗುವಷ್ಟು ಸ್ಪೀಡೂ ಇರಲಿಲ್ಲ. ಟಪ್ ಅಂತ ಸದ್ದು. ಎಡ ಮೂಲೆ ಕುಸಿದು ಮೂತಿ ರಸ್ತೆಗೆ ಬಡಿಯಿತು. ಇಳಿದು ನೋಡಿದರೆ ಚಕ್ರ ಮಡ್‌ಗಾರ್ಡ್ ಕೆಳಗೆ ಅಡ್ಡ ಮಲಗಿದೆ. ಮಗಳಿಗೆ ಏನೂ ಆಗಲಿಲ್ಲ. ಮುಂದಿನ ಭಾನುವಾರ ಆಗುಂಬೆ ಘಾಟಿ ಇಳಿಯುವುದು ಅಂತ ನಾವು ಮಾತಾಡಿಕೊಂಡಿದ್ದೆವು. ಹದಿನಾಲ್ಕು ಹೇರ್‌ಪಿನ್ ತಿರುವು ಅಲ್ಲಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎದ್ದು ಎದ್ದು ಅವಳ ರೂಮಿಗೆ ಹೋಗಿ ನೋಡಿ ಬಂದೆ.

ಕಾರಣ ಹೇಳಿದವರು ಭದ್ರಾವತಿಯ ಒಬ್ಬ ಹಿರಿಯರು. ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಮುರಿದ ತುಂಡನ್ನು ಕಿಟಕಿ ಬೆಳಕಿಗೆ ಹಿಡಿದು, "ಇಲ್ಲಿ ನೋಡು ಮಾರಾಯಾ" ಅಂದರು. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪು, ಹಳೇ ತುಕ್ಕು. ಒಂದು ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಆ ಅಂಚಿನಷ್ಟೇ ಕಬ್ಬಿಣ ಗಾಡಿಯ ಆ ಮೂಲೆಯನ್ನು ಹೊತ್ತಿತ್ತು.

ಹೆರಾಲ್ಡ್, ಸ್ಪಿಟ್‌ಫೈರ್ ಎರಡರಲ್ಲೂ ಮುಂದಿನ ಚಕ್ರ ನಿಲ್ಲುವುದು ಒಂದು ಉಕ್ಕಿನ ಕಂಬದ ಮೇಲೆ, ಅದು ವರ್ಟಿಕಲ್ ಲಿಂಕ್. ಅದರ ಕೆಳತುದಿಯಲ್ಲಿ ಥ್ರೆಡ್ ಇದೆ, ಅದು ಟ್ರನಿಯನ್ ಅನ್ನುವ ಕಂಚಿನ ಗಟ್ಟಿಯೊಳಗೆ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲಾ ಆ ಥ್ರೆಡ್ ಒಳಗೆ ಆಡುತ್ತದೆ. ಅದಕ್ಕೆ ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ಕೆಳಗಿನ ಥ್ರೆಡ್‌ಗೆ ಇಳಿಯುವುದೇ ಇಲ್ಲ, ನೀರು ಸೇರಿ ಉಕ್ಕನ್ನು ಥ್ರೆಡ್ಡಿನ ಬುಡದಲ್ಲೇ ತಿನ್ನುತ್ತದೆ. ನನ್ನ ಗಾಡಿಗೆ ಹಾಕಿದ್ದು ದಾವಣಗೆರೆಯ ಹೆರಾಲ್ಡ್‌ನಿಂದ ಬಿಚ್ಚಿದ ಲಿಂಕ್. ಅಳತೆ ಸರಿಯಾಗಿ ಕೂತಿತ್ತು, ಅದೇನೋ ನಿಜ. ಕೂತಿತು ಅಂತ ಯಾರೂ ಅದನ್ನು ತೊಳೆದು, ಥ್ರೆಡ್ಡಿನ ಬುಡಕ್ಕೆ ಬೆಳಕು ಹಾಕಿ ನೋಡಲಿಲ್ಲ. ಮೇಲಿಂದ ಗ್ರೀಸ್ ಬೇರೆ ಹೊಡೆದಿದ್ದರು.

ಪಾರ್ಟ್ಸ್ ಗಾಡಿಯಿಂದ ವೈಪರ್ ಮೋಟಾರು, ಬಾಗಿಲ ಹಿಡಿ, ಮೀಟರು, ಸ್ವಿಚ್ಚು ಧಾರಾಳವಾಗಿ ತೆಗೆದುಕೊಳ್ಳಿ. ಚಕ್ರ, ಬ್ರೇಕು, ಸ್ಟೀರಿಂಗು ಹಿಡಿದಿರುವ ಯಾವ ಸಾಮಾನನ್ನೂ ಅದರಿಂದ ತೆಗೆದು ಹಾಗೇ ಹಾಕಬೇಡಿ. ಟ್ರನಿಯನ್ನೂ ಲಿಂಕೂ ಹೊಸದೇ ತರಿಸಿ, ಎಡ ಬಲಕ್ಕೆ ಥ್ರೆಡ್ ಬೇರೆ ಬೇರೆ ಇರುತ್ತದೆ, ನೋಡಿಕೊಂಡು ತರಿಸಿ. ಸಿಲ್ ಕೆಲಸಕ್ಕೆ ಬಾಡಿಯನ್ನು ಚಾಸಿಯಿಂದ ಎತ್ತಲೇಬೇಡಿ, ಬೋಲ್ಟ್ ಬಿಗಿದಿದ್ದ ಹಾಗೇ ಇರಲಿ. ಮೊದಲು ಬಾಗಿಲ ಜಾಗಕ್ಕೆ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಪೈಪ್ ಅಡ್ಡ ಬೆಸೆಸಿ. ಒಂದು ಪಕ್ಕ ಪೂರ್ತಿ ಮುಗಿದ ಮೇಲೆ ಇನ್ನೊಂದು ಪಕ್ಕ. ಒಂದೊಂದು ಚುಕ್ಕೆ ವೆಲ್ಡಿಂಗ್ ಆದ ಮೇಲೂ ಬಾಗಿಲು ಹಾಕಿ ನೋಡಿ. ಮೇಸ್ತ್ರಿಗೆ ಬೇಜಾರಾದರೆ ಆಗಲಿ.

ಕಾಗದದ ವಿಷಯವೂ ಇದೆ. ಒಂದು ಹೆರಾಲ್ಡ್‌ಗೆ ಆರ್‌ಸಿ ಇರಲಿಲ್ಲ, ನಾನೂ ಕೇಳದೆ ದುಡ್ಡು ಕೊಟ್ಟೆ. ಇನ್ನೊಂದರ ಚಾಸಿ ನಂಬರ್ ಪ್ಲೇಟು ಕಿತ್ತು ಸ್ಪಿಟ್‌ಫೈರ್‌ಗೆ ಹೊಡೆಯೋಣ, ಅದರ ಕಾಗದ ಚೊಕ್ಕ ಇದೆ ಅಂತ ಗ್ಯಾರೇಜಿನಲ್ಲಿ ಹೇಳಿದರು. ಅದು ಅಪರಾಧ, ಒಪ್ಪಲಿಲ್ಲ, ನೀವೂ ಒಪ್ಪಬೇಡಿ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ವಿಎ ಅಕ್ಷರದ ನಂಬರ್ ಸಿಗುತ್ತದೆ, ಹೊಸದಾಗಿ ನೋಂದಣಿಗೆ ಫೀ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು, ದೊಡ್ಡ ಬದಲಾವಣೆ ಮಾಡಿರಬಾರದು. ಮೂರು ಗಾಡಿ ಕತ್ತರಿಸಿ ಒಂದು ಮಾಡಿದರೆ ಅದು ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಈಗ ಸಿಲ್ ಮತ್ತೆ ಕತ್ತರಿಸಿ, ಪೈಪ್ ಅಡ್ಡ ಕೊಟ್ಟು, ಎಡಪಕ್ಕ ಮುಗಿದಿದೆ. ಮೊನ್ನೆ ಬಾಗಿಲು ಹಾಕಿದೆ, ಎರಡು ಬೆರಳಲ್ಲಿ ತಳ್ಳಿದರೆ ಕ್ಲಿಕ್ ಅಂತ ಕೂರುತ್ತದೆ. ಬಲಪಕ್ಕ ದೀಪಾವಳಿಯೊಳಗೆ ಆಗಬೇಕು. ಮುರಿದ ಲಿಂಕನ್ನು ಎಸೆದಿಲ್ಲ, ಅಡಿಕೆ ಮನೆಯ ಕಿಟಕಿಯಲ್ಲೇ ಇಟ್ಟಿದ್ದೇನೆ. ಹೆರಾಲ್ಡೋ ಸ್ಪಿಟ್‌ಫೈರೋ ಬಿಚ್ಚಲು ಹೊರಟವರು ಯಾರಾದರೂ ನಮ್ಮ ಕಡೆ ಬಂದರೆ, ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಕಾಫಿ ಕುಡಿಯೋಣ.