ಹಳೇ ಚೀಟಿ ತೋರಿಸಿ ಮಾತ್ರೆ ತಗೊಂಡು ನಾನು ಪಟ್ಟ ಪಾಡು

ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ಮಾತ್ರೆ ತರಿಸಿಕೊಳ್ಳುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದೆಯೇ? ಅದರಲ್ಲೂ ಅದು ಮನಸ್ಸಿನ ಕಾಯಿಲೆಯ ಮಾತ್ರೆಯಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಥ ಒಂದು ಚೀಟಿಯಿಂದ ನನ್ನ ಒಂದೂವರೆ ವರ್ಷ ಹಾಳಾಯಿತು.

ನಾನು ಹೊಲಿಗೆಯವಳು. ಹಾವೇರಿ ಜಿಲ್ಲೆಯ ಸಣ್ಣ ಊರು, ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಯಾವುದೂ ಬೇಡವಾಯಿತು. ಎದ್ದು ತಲೆ ಬಾಚಿಕೊಳ್ಳುವುದೇ ಬೆಟ್ಟದಂಥ ಕೆಲಸ. ಮೆಷಿನ್ ಮುಂದೆ ಕೂತರೆ ಕಣ್ಣಲ್ಲಿ ನೀರು. ಜ್ವರ, ಕೆಮ್ಮಿಗೆ ತೋರಿಸುತ್ತಿದ್ದ ಡಾಕ್ಟರ ಹತ್ತಿರವೇ ಹೋದೆವು. ಡಿಪ್ರೆಶನ್ ಅಂತ ಹೇಳಿ ಒಂದು ಮಾತ್ರೆ ಬರೆದುಕೊಟ್ಟು, ಹದಿನೈದು ದಿನ ಬಿಟ್ಟು ಬಾ ಅಂದರು. ನಾನು ಅವರಿಗೆ ಹೇಳಿದ್ದು ಬೇಸರ, ಅಳು, ಸುಸ್ತು ಇಷ್ಟನ್ನೇ. ಮದುವೆಯಾದ ಹೊಸತರಲ್ಲಿ ಒಮ್ಮೆ ವಾರಗಟ್ಟಲೆ ನಿದ್ದೆಯಿಲ್ಲದೆ, ದಣಿವೂ ಇಲ್ಲದೆ ಓಡಾಡಿಕೊಂಡಿದ್ದೆ. ಅದನ್ನು ಅವರು ಕೇಳಲಿಲ್ಲ, ಅದೂ ಕಾಯಿಲೆ ಅಂತ ನನಗೆ ಹೊಳೆದಿರಲಿಲ್ಲ.

ಮೂರು ವಾರಕ್ಕೆ ಎದ್ದು ಕೂತೆ. "ನಮ್ಮ ಸೊಸಿ ಮೊದಲಿನಂಗ ಆದ್ಲವ್ವ" ಅಂತ ಅತ್ತೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಇಷ್ಟು ಹುಷಾರಾದ ಮೇಲೆ ಡಾಕ್ಟರ ಹತ್ತಿರ ಮತ್ತೇಕೆ ಹೋಗುವುದು ಅಂತ ಬಿಟ್ಟೆವು, ಮಾತ್ರೆ ಮಾತ್ರ ಮುಂದುವರಿಯಿತು. ಆಮೇಲೆ ನಾನು ಮೊದಲಿನ ಹಾಗೂ ಉಳಿಯಲಿಲ್ಲ. ರಾತ್ರಿ ಎರಡಕ್ಕೆ ಕತ್ತರಿ ಹಿಡಿದರೆ ಬೆಳಗಾಗುವಷ್ಟರಲ್ಲಿ ಒಂಬತ್ತು ಬ್ಲೌಸ್ ಕತ್ತರಿಸಿ ಗುಡ್ಡೆ ಹಾಕುತ್ತಿದ್ದೆ. ಬಂದ ಆರ್ಡರಿಗೆಲ್ಲ ಹೂಂ. ಸ್ತ್ರೀಶಕ್ತಿ ಸಂಘದಲ್ಲಿ 60,000 ರೂಪಾಯಿ ಸಾಲ ಎತ್ತಿ, ದಾವಣಗೆರೆಗೆ ಹೋಗಿ ಬಟ್ಟೆ ತಂದು ರಾಶಿ ಹಾಕಿದೆ. ಯಾರಾದರೂ ಎದುರು ಮಾತಾಡಿದರೆ ಕೆಂಡವಾಗುತ್ತಿದ್ದೆ. ಒಬ್ಬರ ಮಗಳ ಮದುವೆ ಸೀರೆಯ ರೇಷ್ಮೆ ಬ್ಲೌಸ್ ಪೀಸನ್ನು ಇನ್ನೊಬ್ಬರ ಅಳತೆಗೆ ಕತ್ತರಿಸಿಬಿಟ್ಟೆ. ಆ ತಾಯಿ ಆ ಪೀಸನ್ನು ಮಡಿಲಲ್ಲಿಟ್ಟುಕೊಂಡು ಒಂದು ಮಾತೂ ಆಡದೆ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅದಾದ ವಾರದಲ್ಲೇ ಮತ್ತೆ ಹಾಸಿಗೆ ಹಿಡಿದೆ. ನಮ್ಮ ಯಜಮಾನರು ಹಳೇ ಚೀಟಿ ತೋರಿಸಿ ಮಾತ್ರೆ ತಂದರು, ಈ ಸಲ ಎರಡೆರಡು ತಗೋ ಅಂದವರು ಅಂಗಡಿಯವರು. ಮತ್ತೆ ಎದ್ದೆ, ಮತ್ತೆ ಹಾರಿದೆ, ಮತ್ತೆ ಬಿದ್ದೆ. ಬೀಳುವುದು ಏಳುವುದರ ನಡುವಿನ ದಿನಗಳು ಪ್ರತಿ ಸಲವೂ ಕಡಿಮೆಯಾಗುತ್ತ ಬಂದವು. ದೃಷ್ಟಿ ತೆಗೆಸಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಬದುಕೇ ಬೇಡ ಅನ್ನಿಸಿದ ರಾತ್ರಿಯೊಂದರಲ್ಲಿ ನಮ್ಮ ನಾದಿನಿಗೆ ಫೋನ್ ಮಾಡಿದೆ. ಬೆಳಗಾಗುವುದರೊಳಗೆ ಅವಳು ಬಂದು ನನ್ನನ್ನು ಮನೋವೈದ್ಯರ ಹತ್ತಿರ ಕರೆದೊಯ್ದಳು. ಅವತ್ತು ಆ ಫೋನ್ ಮಾಡದಿದ್ದರೆ ನಾನಿವತ್ತು ಇರುತ್ತಿರಲಿಲ್ಲ.

ಆ ಡಾಕ್ಟರು ಮೊದಲು ಕೇಳಿದ್ದು ಬೇಸರದ ಬಗ್ಗೆ ಅಲ್ಲ. "ನಿದ್ದೆ ಇಲ್ಲದಿದ್ದರೂ ಸುಸ್ತಾಗದ ದಿನ ಯಾವಾಗಾದ್ರೂ ಇತ್ತಾ ತಾಯಿ?" ಅಂದರು. ನನಗೆ ದಿನಾಂಕ ನೆನಪಿರಲಿಲ್ಲ. ನಾದಿನಿ ಅಂಗಡಿಯ ಆರ್ಡರ್ ಪುಸ್ತಕ ತಂದಿದ್ದಳು. ಹಾಳೆ ತಿರುಗಿಸುತ್ತ ಹೋದರೆ ಎಲ್ಲ ಅದರಲ್ಲೇ ಇತ್ತು. ಒಂದು ದಿನಕ್ಕೆ ಹದಿನೆಂಟು ಆರ್ಡರ್, ಅಕ್ಷರ ಗೆರೆ ದಾಟಿ ಓಡಿದೆ. ಆಮೇಲೆ ಹತ್ತು ಹಾಳೆ ಖಾಲಿ. ಮತ್ತೆ ತುಂಬಿದ ಹಾಳೆಗಳು, ಮತ್ತೆ ಖಾಲಿ. ಡಾಕ್ಟರು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಎಣಿಸಿದರು. ಹನ್ನೆರಡು ತಿಂಗಳಲ್ಲಿ ಆರು ಸಲ.

ನನಗಿದ್ದದ್ದು ಬೈಪೋಲಾರ್, ಅಂದರೆ ಮನಸ್ಸು ಕೆಲವು ದಿನ ವಿಪರೀತ ಮೇಲಕ್ಕೆ ಹಾರಿ, ಕೆಲವು ದಿನ ಪಾತಾಳಕ್ಕೆ ಬೀಳುವ ಕಾಯಿಲೆ. ಅದು ಇರುವವರಿಗೆ ಒಂದು ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಹೀಗೆ ಏರಿಳಿತವಾದರೆ ಅದನ್ನು ರ್‍ಯಾಪಿಡ್ ಸೈಕ್ಲಿಂಗ್ ಅನ್ನುತ್ತಾರಂತೆ. ಈ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆ ತಗೊಂಡರೂ ಕಾಯಿಲೆ ಮರುಕಳಿಸುತ್ತಿದ್ದವರನ್ನು ಗಮನಿಸಿ ಡನ್ನರ್ ಮತ್ತು ಫೀವ್ ಎಂಬ ವೈದ್ಯರು 1974ರಲ್ಲೇ ಈ ಹೆಸರು ಕೊಟ್ಟಿದ್ದರು ಅಂತ ಆಮೇಲೆ ಓದಿ ತಿಳಿದುಕೊಂಡೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಮೇಲಕ್ಕೆ ಹಾರುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ. ನನಗೆ ಆಗಿದ್ದು ಅದೇ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ಅದೂ ಕಡಿಮೆ ಇತ್ತು. ಈ ರೀತಿಯ ಬೈಪೋಲಾರ್‌ಗೂ ಥೈರಾಯ್ಡ್ ಕೊರತೆಗೂ ನಂಟಿದೆ ಅಂದರು. ಇನ್ನೊಂದು ಮಗುವಿನ ಯೋಚನೆ ಇದೆಯಾ ಅಂತಲೂ ಕೇಳಿದರು. ಈ ಕಾಯಿಲೆಗೆ ಕೊಡುವ ವ್ಯಾಲ್ಪ್ರೊಯೇಟ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಹೆಣ್ಣುಮಕ್ಕಳೇ, ನಿಮ್ಮ ಡಾಕ್ಟರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ.

ಹಳೇ ಮಾತ್ರೆಯನ್ನು ನಿಧಾನವಾಗಿ ಇಳಿಸಿ, ಲಿಥಿಯಂ ಶುರು ಮಾಡಿದರು. ಐದಾರು ತಿಂಗಳಲ್ಲಿ ನೆಲ ಕಾಲಿಗೆ ಸಿಕ್ಕಂತಾಯಿತು. ಇಷ್ಟು ಕಲಿತ ಮೇಲೂ ಅದೇ ಮೆಡಿಕಲ್ ಶಾಪಿನಲ್ಲಿ ಮತ್ತೆ ಎಡವಿದೆ.

ಬೇಸಿಗೆ, ಮದುವೆ ಸೀಸನ್. ಬಗ್ಗಿ ಬಗ್ಗಿ ಸೊಂಟ ನೋವು. ಡೈಕ್ಲೋಫೆನಾಕ್ ಮಾತ್ರೆ ತರಿಸಿ ನಾಲ್ಕೈದು ದಿನ ನುಂಗಿದೆ, ಲಿಥಿಯಂ ತಗೊಳ್ಳುತ್ತಿದ್ದೇನೆ ಅಂತ ಯಾರಿಗೂ ಹೇಳಲಿಲ್ಲ. ಅದರ ಮೇಲೆ ಎರಡು ದಿನ ಭೇದಿ. ಮೂರನೇ ದಿನ ಹೆಮ್ಮಿಂಗ್ ಮಾಡೋಣ ಅಂತ ಕೂತರೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆದು, ಬೆಳಕಿಗೆ ಹಿಡಿದೆ. ಸೂಜಿಯ ಕಣ್ಣು ಒಂದು ಕಡೆ, ನನ್ನ ಕೈ ಇನ್ನೊಂದು ಕಡೆ. ಹತ್ತನೇ ವಯಸ್ಸಿನಿಂದ ಸೂಜಿ ಹಿಡಿದ ಕೈ ಇದು. ಏಳಲು ಹೋದರೆ ಕುಡಿದವರ ಹಾಗೆ ತೂರಾಡಿದೆ, ಮಾತು ತೊದಲಿತು, ವಾಂತಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೆ ಲಿಥಿಯಂ ಮಟ್ಟ 1.9. ನನಗೆ ಇರಬೇಕಾದದ್ದು 0.6ರಿಂದ 1.0ರ ಒಳಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಕಿಡ್ನಿ ಲಿಥಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಭೇದಿಯಾಗಿ ಮೈಯ ನೀರು, ಉಪ್ಪು ಹೋದಾಗಲೂ ಲಿಥಿಯಂ ರಕ್ತದಲ್ಲೇ ಉಳಿಯುತ್ತದೆ. ನನಗೆ ಎರಡೂ ಒಟ್ಟಿಗೆ ಆಗಿತ್ತು. ಸಲೈನ್ ಹಾಕಿಸಿಕೊಂಡು ನಾಲ್ಕು ದಿನ ಮಲಗಿದ್ದೆ. ಲಿಥಿಯಂ ತಗೊಳ್ಳುವವರು ಬಿ.ಪಿ. ಇದೆ ಅಂತ ತಾವೇ ಉಪ್ಪು ಬಿಡುವುದೂ ಅಪಾಯ, ಡಾಕ್ಟರನ್ನು ಕೇಳಿಯೇ ಮಾಡಿ.

ಈಗ ಆರ್ಡರ್ ಪುಸ್ತಕದ ಪಕ್ಕದ ಗೆರೆಯಲ್ಲಿ ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದೆ ಅಂತ ಬರೆದಿಡುತ್ತೇನೆ. ಎರಡು ದಿನ ಸತತ ನಾಲ್ಕು ತಾಸಿಗಿಂತ ಕಡಿಮೆಯಾದರೆ ನಮ್ಮ ಯಜಮಾನರೇ ಡಾಕ್ಟರಿಗೆ ಫೋನ್ ಮಾಡುತ್ತಾರೆ, ನನ್ನನ್ನು ಕೇಳುವುದಿಲ್ಲ. ನಾನು ಚೆನ್ನಾಗಿದ್ದಾಗಲೇ ಹಾಗಂತ ಮಾತಾಡಿಕೊಂಡಿದ್ದೇವೆ. ಲಿಥಿಯಂ ಮಟ್ಟ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಹೇಳಿದ ಹೊತ್ತಿಗೆ ಮಾಡಿಸುತ್ತೇನೆ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ತಾಸಿಗೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆಯೇ.

ಒಂದು ಮಾತು ತಪ್ಪಾಗಿ ತಿಳಿಯಬೇಡಿ. ಇದನ್ನು ಓದಿ ಗಾಬರಿಯಾಗಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ, ಲಿಥಿಯಂ ಅನ್ನಂತೂ ಒಮ್ಮೆಲೇ ಬಿಟ್ಟರೆ ಕಾಯಿಲೆ ರಭಸದಿಂದ ಮರಳಬಹುದು. ಚೀಟಿ, ಮಾತ್ರೆಯ ಸ್ಟ್ರಿಪ್, ನಿಮ್ಮನ್ನು ಹತ್ತಿರದಿಂದ ಕಂಡ ಒಬ್ಬರು, ಇವಿಷ್ಟನ್ನು ಕರೆದುಕೊಂಡು ಮನೋವೈದ್ಯರ ಬಳಿ ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ, ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ರಾತ್ರಿ ಕೆಟ್ಟ ಯೋಚನೆ ಬಂದು ಯಾರಿಗೆ ಹೇಳುವುದೋ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಯಾವ ಹೊತ್ತಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ.