ಟೈಟನ್ ಮಿಸೈಲ್ ಮ್ಯೂಸಿಯಂ: ಕೀ ತಿರುಗಿಸುವುದು ಸರಿ, ಆದರೆ ಆ ಮುಚ್ಚಳ ನೋಡದೆ ಬರಬೇಡಿ

ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ನಗರದ ದಕ್ಷಿಣಕ್ಕೆ ಅರ್ಧ ಗಂಟೆ ದಾರಿ ಹೋದರೆ, ನೆಲದೊಳಗೆ ಒಂದು ಟೈಟನ್-2 ಕ್ಷಿಪಣಿ ಇವತ್ತಿಗೂ ನಿಂತಿದೆ. 103 ಅಡಿ ಎತ್ತರ. ಇಂಥವು ಒಟ್ಟು 54 ಇದ್ದವು, ಅದರಲ್ಲಿ 18 ಟೂಸಾನ್ ಸುತ್ತಮುತ್ತಲೇ. ಉಳಿದ ಅಡ್ಡಾಗಳನ್ನೆಲ್ಲ ಒಡೆದು ಹಾಕಿದರು, ಇದೊಂದನ್ನು ಮ್ಯೂಸಿಯಂ ಮಾಡಿದರು. ಶೀತಲ ಸಮರದ ಕಥೆ ಇಷ್ಟ ಇರುವವರಿಗೆ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಕಣ್ಣು ಮುಚ್ಚಿ ಐದು ಸ್ಟಾರ್ ಕೊಡುತ್ತೇನೆ. ಆದರೆ ಸ್ವಲ್ಪ ಓದಿಕೊಂಡು ಹೋಗಿ, ಯಾಕೆ ಅಂತ ಮುಂದೆ ಹೇಳುತ್ತೇನೆ. (ಅಲ್ಲಿಗೆ ಹೋಗುವ ಐ-19 ಹೆದ್ದಾರಿಯಲ್ಲಿ ದೂರದ ಫಲಕಗಳು ಕಿಲೋಮೀಟರ್‌ನಲ್ಲಿವೆ. ಅಮೆರಿಕದಲ್ಲಿ ಇದು ಅಪರೂಪ, ಗಲಿಬಿಲಿ ಆಗಬೇಡಿ.)

ಗೈಡ್ ಜೊತೆ ಟೂರ್ ಮುಕ್ಕಾಲು ಗಂಟೆಯ ಆಸುಪಾಸು. 55 ಮೆಟ್ಟಿಲು ಇಳಿಯಬೇಕು. ಆಮೇಲೆ ಒಂದೊಂದೂ ಮೂರು ಟನ್ ತೂಗುವ ಉಕ್ಕಿನ ಬಾಗಿಲುಗಳು. ಕಂಟ್ರೋಲ್ ರೂಮನ್ನು ದಪ್ಪ ಸ್ಪ್ರಿಂಗ್‌ಗಳ ಮೇಲೆ ತೂಗು ಹಾಕಿದ್ದಾರೆ, ಹತ್ತಿರದಲ್ಲೇ ಅಣುಬಾಂಬ್ ಬಿದ್ದರೂ ಯಂತ್ರಗಳು ಅಲುಗಾಡದಿರಲಿ ಅಂತ. ನಾಲ್ಕು ಜನರ ತಂಡ, 24 ಗಂಟೆಯ ಪಾಳಿ. ಗೋಡೆ ಬಣ್ಣ, ಗುಂಡಿ, ಸ್ವಿಚ್ಚು ಎಲ್ಲ 1963ರದ್ದೇ ಅನ್ನುವ ಹಾಗಿದೆ. ಎರಡು ಬೀಗ ಹಾಕಿದ ಕೆಂಪು ಪೆಟ್ಟಿಗೆ, ಅದರೊಳಗೆ ಕೀ. ಎರಡು ಕೀ ಹಾಕುವ ಜಾಗಗಳ ನಡುವೆ ಒಬ್ಬನ ಕೈ ಚಾಚಿದರೂ ಸಿಗದಷ್ಟು ದೂರ. ಅಂದರೆ ಒಬ್ಬನಿಗೆ ತಲೆ ಕೆಟ್ಟರೂ ಯುದ್ಧ ಶುರು ಮಾಡಲು ಆಗಬಾರದು.

ಬಂದವರಲ್ಲೇ ಒಬ್ಬರನ್ನು ಕೂರಿಸಿ ಕೀ ತಿರುಗಿಸುವ ಅಣಕು ಉಡಾವಣೆ ಮಾಡಿಸುತ್ತಾರೆ. ಎಲ್ಲರೂ ಫೋನ್ ಎತ್ತುವುದು ಅಲ್ಲೇ. ನಿಜವಾದ ಉಡಾವಣೆಯಲ್ಲಿ ಕೀ ತಿರುಗಿಸಿ ಒಂದು ನಿಮಿಷ ಆಗುವುದರೊಳಗೆ ಕ್ಷಿಪಣಿ ಮೇಲೇಳುತ್ತಿತ್ತು, ಅರ್ಧ ಗಂಟೆಯಲ್ಲಿ ಗುರಿ. ಸಿಡಿತಲೆ 9 ಮೆಗಾಟನ್, ಹಿರೋಷಿಮಾ ಬಾಂಬಿನ 600 ಪಟ್ಟು. ಯಾವ ಊರಿಗೆ ಹೋಗುತ್ತದೆ ಅಂತ ತಂಡದವರಿಗೂ ಗೊತ್ತಿರಲಿಲ್ಲ. ಅವರ ಮುಂದೆ ಇದ್ದದ್ದು ಗುರಿ 1, ಗುರಿ 2, ಗುರಿ 3 ಅಷ್ಟೇ. ಇದನ್ನು ಕೇಳಿದ ಮೇಲೆ ಫೋಟೋ ತೆಗೆಯುವ ಹುಮ್ಮಸ್ಸು ಸ್ವಲ್ಪ ಇಳಿಯುತ್ತದೆ.

ಇಷ್ಟು ಬಾಂಬ್ ತೋರಿಸಿ ಎದುರಾಳಿಯ ಮೇಲೆ ಒತ್ತಡ ಹಾಕುವ ಭಾಗ. ನನಗೆ ನಿಜವಾಗಿ ಹಿಡಿಸಿದ್ದು ಮೇಲೆ, ಬಿಸಿಲಲ್ಲಿ ಇರುವ ಸೈಲೋ (ಕ್ಷಿಪಣಿ ನಿಲ್ಲಿಸುವ ಬಾವಿಯಂಥ ಗುಂಡಿ) ಮುಚ್ಚಳ. 700 ಟನ್‌ಗಿಂತ ಜಾಸ್ತಿ ತೂಕದ ಕಾಂಕ್ರೀಟ್-ಉಕ್ಕಿನ ಬಾಗಿಲು. ಅದು ಅರ್ಧ ಮಾತ್ರ ತೆರೆದಿದೆ. ಪೂರ್ತಿ ತೆರೆಯದ ಹಾಗೆ ಅಡ್ಡ ಕಟ್ಟಿದ್ದಾರೆ. ಒಳಗೆ ಇಣುಕಿದರೆ ಕ್ಷಿಪಣಿಯ ಮೂತಿಯಲ್ಲಿ ಬೇಕಂತಲೇ ಕೊರೆದ ತೂತು ಕಾಣುತ್ತದೆ. ಇದೆಲ್ಲ ಪ್ರವಾಸಿಗಳಿಗಾಗಿ ಮಾಡಿದ್ದಲ್ಲ. ಈ ಕ್ಷಿಪಣಿ ಇನ್ನು ಹಾರುವುದಿಲ್ಲ ಅಂತ ಸೋವಿಯತ್ ಉಪಗ್ರಹಗಳಿಗೆ ಆಕಾಶದಿಂದಲೇ ಕಾಣಬೇಕಿತ್ತು. ಒಬ್ಬರನ್ನೊಬ್ಬರು ಸುಟ್ಟು ಬೂದಿ ಮಾಡಲು ತಯಾರಿದ್ದ ಇಬ್ಬರು, ನೋಡಪ್ಪ ನನ್ನದು ಕೆಟ್ಟಿದೆ ಅಂತ ತೋರಿಸಿಕೊಳ್ಳುವ ಏರ್ಪಾಡು. ಇಬ್ಬರ ಕ್ಷಿಪಣಿಗಳಿಗೂ ಮಿತಿ ಹಾಕಿದ 1972ರ ಸಾಲ್ಟ್ ಒಪ್ಪಂದದಲ್ಲೇ ಇದರ ಬೇರು ಇದೆ: ಪರಸ್ಪರರ ಉಪಗ್ರಹಗಳಿಗೆ ಅಡ್ಡಿ ಮಾಡಬಾರದು, ತಪಾಸಣೆ ತಪ್ಪಿಸಲು ಏನನ್ನೂ ಮುಚ್ಚಿಡಬಾರದು ಅಂತ ಅಲ್ಲಿ ಒಪ್ಪಿಕೊಂಡಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮುಚ್ಚಳ ನೋಡಿದವರು ತಪ್ಪು ತಿಳಿಯುವ ಸಾಧ್ಯತೆ ಇದೆ. ಟೈಟನ್‌ಗಳನ್ನು ತೆಗೆದದ್ದು ಶಾಂತಿಯ ಮೇಲಿನ ಪ್ರೀತಿಯಿಂದ ಅಲ್ಲ. ಅವು ಹಳೆಯದಾಗಿದ್ದವು, ಅವುಗಳ ಇಂಧನ ಮಹಾ ಅಪಾಯಕಾರಿ. 1980ರಲ್ಲಿ ಅರ್ಕನ್ಸಾದ ಡಮಾಸ್ಕಸ್ ಹತ್ತಿರದ ಸೈಲೋದಲ್ಲಿ ರಿಪೇರಿ ಮಾಡುವಾಗ ಒಂದು ಸಾಕೆಟ್ ಕೈಜಾರಿ ಬಿದ್ದು, ಟ್ಯಾಂಕ್ ತೂತಾಗಿ, ಕೆಲವು ಗಂಟೆಗಳ ನಂತರ ಇಡೀ ಸೈಲೋ ಸ್ಫೋಟಿಸಿತು. ಒಬ್ಬ ಸೈನಿಕ ಸತ್ತ. ಸಿಡಿತಲೆ ಹಾರಿ ಹೊರಗೆ ಬಿತ್ತು, ಪುಣ್ಯಕ್ಕೆ ಸಿಡಿಯಲಿಲ್ಲ. ಮರುವರ್ಷ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ಟೈಟನ್‌ಗಳಿಗೆ ನಿವೃತ್ತಿ ಕೊಡಲು ತೀರ್ಮಾನಿಸಿತು, ಜೊತೆಗೇ ಹೊಸ, ಇನ್ನೂ ನಿಖರವಾದ ಕ್ಷಿಪಣಿಗಳಿಗೆ ದುಡ್ಡು ಸುರಿಯಿತು.

ಓದಿಕೊಂಡು ಹೋಗಿ ಅಂದದ್ದು ಇದಕ್ಕೇ. ಇದು ಕ್ಷಿಪಣಿಯ ಜಾಗ, ಕ್ಷಿಪಣಿಯ ಕಥೆ ಹೇಳುವುದೇ ಅದರ ಕೆಲಸ. ಮೇಜಿನ ಎದುರು ಕೂತು ಮಾತಾಡಿ ಒಪ್ಪಂದ ಮಾಡಿಕೊಂಡವರ ಕಥೆ ನೀವೇ ತಲೆಯಲ್ಲಿ ತುಂಬಿಕೊಂಡು ಹೋಗಬೇಕು. ಇಲ್ಲದಿದ್ದರೆ, ದೊಡ್ಡ ಬಾಂಬ್ ಇಟ್ಟುಕೊಂಡಿದ್ದರಿಂದ ಎದುರಾಳಿ ಹೆದರಿ ಸೋತ ಅನ್ನುವ ಸುಲಭದ ತೀರ್ಪಿನೊಂದಿಗೆ ಮೆಟ್ಟಿಲು ಹತ್ತಿ ಬರುತ್ತೀರಿ.

ಹಾಗಾಗಿದ್ದರೆ ಶೀತಲ ಸಮರ 1983ರಲ್ಲೇ ಮುಗಿಯಬೇಕಿತ್ತಲ್ಲವಾ? ಸೋವಿಯತ್ ಒಕ್ಕೂಟ ಎಸ್‌ಎಸ್-20 ಕ್ಷಿಪಣಿಗಳನ್ನು ಯುರೋಪಿನ ಕಡೆಗೆ ಇಟ್ಟಿತ್ತು. ಅದಕ್ಕೆ ಉತ್ತರವಾಗಿ ಪರ್ಶಿಂಗ್-2 ಮತ್ತು ಕ್ರೂಸ್ ಕ್ಷಿಪಣಿ ತರುತ್ತೇವೆ, ಮಾತುಕತೆಗೂ ಸಿದ್ಧ ಅಂತ ನೇಟೋ 1979ರ ಡಿಸೆಂಬರ್‌ನಲ್ಲಿ ಹೇಳಿತು. 1983ರ ನವೆಂಬರ್‌ನಲ್ಲಿ ಕ್ಷಿಪಣಿಗಳು ಬಂದೇ ಬಂದವು. ಆಗ ಆದದ್ದೇನು? ಸೋವಿಯತ್ ಪ್ರತಿನಿಧಿಗಳು ಜಿನೀವಾ ಮಾತುಕತೆಯಿಂದ ಎದ್ದು ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಷಿಪಣಿ ಬರುತ್ತಿದೆ ಅಂತ ಸೋವಿಯತ್ ಕಂಪ್ಯೂಟರ್ ಸುಳ್ಳು ಎಚ್ಚರಿಕೆ ಕೊಟ್ಟಿತ್ತು. ಸ್ಟಾನಿಸ್ಲಾವ್ ಪೆತ್ರೋವ್ ಅನ್ನುವ ಅಧಿಕಾರಿ ಅದನ್ನು ನಂಬಲಿಲ್ಲ, ಹಾಗಾಗಿ ಬಚಾವ್. ಬರೀ ಒತ್ತಡ ಎಲ್ಲಿಗೆ ಕೊಂಡೊಯ್ಯುತ್ತದೆ ಅಂತ ಆ ವರ್ಷ ನೋಡಿದರೆ ಸಾಕು.

ಒತ್ತಡ ಕೆಲಸವೇ ಮಾಡಲಿಲ್ಲ ಅಂತಲೂ ನಾನು ಹೇಳುವುದಿಲ್ಲ. ಸೇನೆಯ ಖರ್ಚು ಸೋವಿಯತ್ ಆರ್ಥಿಕತೆಯನ್ನು ಹಿಂಡುತ್ತಿತ್ತು. ಅಫ್ಘಾನಿಸ್ತಾನ ಇತ್ತು, 1986ರಲ್ಲಿ ತೈಲದ ಬೆಲೆ ಕುಸಿಯಿತು, ಅದೇ ವರ್ಷ ಚೆರ್ನೋಬಿಲ್. ಆದರೆ ಆ ಒತ್ತಡ ಒಪ್ಪಂದವಾಗಿ ಬದಲಾಗಲು ಎದುರಿಗೆ ಸೋವಿಯತ್ ನಾಯಕ ಗೊರ್ಬಚೆವ್ ಬೇಕಾಯಿತು, ಅವರನ್ನು ನಂಬಿ ಮಾತಾಡುವ ರೇಗನ್ ಕೂಡ ಬೇಕಾಯಿತು. 1985ರಲ್ಲಿ ಜಿನೀವಾದಲ್ಲಿ ಇಬ್ಬರೂ ಸೇರಿ, ಅಣುಯುದ್ಧವನ್ನು ಗೆಲ್ಲಲು ಆಗದು, ಅದನ್ನು ಮಾಡಲೂಬಾರದು ಅಂತ ಹೇಳಿಕೆ ಕೊಟ್ಟರು. 1986ರ ಅಕ್ಟೋಬರ್‌ನಲ್ಲಿ ರೇಕ್ಯಾವಿಕ್‌ನಲ್ಲಿ ಎಲ್ಲ ಅಣ್ವಸ್ತ್ರಗಳನ್ನೂ ಕಿತ್ತುಹಾಕುವ ಮಾತಿನವರೆಗೆ ಹೋಗಿ, ರೇಗನ್ ಅವರ ಬಾಹ್ಯಾಕಾಶ ರಕ್ಷಣಾ ಯೋಜನೆಯ ವಿಷಯಕ್ಕೆ ಎಲ್ಲ ಮುರಿದುಬಿತ್ತು. ನಾಲ್ಕೇ ತಿಂಗಳಲ್ಲಿ ಗೊರ್ಬಚೆವ್ ಪಟ್ಟು ಸಡಿಲಿಸಿ, ಯುರೋಪಿನ ಕ್ಷಿಪಣಿಗಳ ವಿಷಯ ಬೇರೆಯಾಗಿಯೇ ಮುಗಿಸೋಣ ಅಂದರು.

1987ರ ಡಿಸೆಂಬರ್ 8ಕ್ಕೆ, ನೆಲದಿಂದ ಹಾರಿಸುವ ಮಧ್ಯಮ ದೂರದ ಕ್ಷಿಪಣಿಗಳನ್ನು ಕಿತ್ತುಹಾಕುವ ಐಎನ್‌ಎಫ್ ಒಪ್ಪಂದಕ್ಕೆ ಸಹಿ ಬಿತ್ತು. 1991ರ ಹೊತ್ತಿಗೆ 2,692 ಕ್ಷಿಪಣಿಗಳು ನಾಶವಾದವು, ಅದರಲ್ಲಿ 1,846 ಸೋವಿಯತ್ ಒಕ್ಕೂಟದವು, 846 ಅಮೆರಿಕದವು. ಲೆಕ್ಕ ನೋಡಿ, ಸಮಸಮ ಇಲ್ಲ. ಜಾಸ್ತಿ ಇದ್ದವರು ಜಾಸ್ತಿ ಕಳೆದುಕೊಳ್ಳಲು ಒಪ್ಪಿದ್ದು ದೊಡ್ಡ ವಿಷಯ. ಅದಕ್ಕಿಂತ ದೊಡ್ಡದು ತಪಾಸಣೆ. ಅಮೆರಿಕದವರು ಸೋವಿಯತ್ ಒಕ್ಕೂಟದ ವೋಟ್ಕಿನ್ಸ್ಕ್‌ನ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ, ಸೋವಿಯತ್‌ನವರು ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ಬಂದು ಕೂತರು. ಹಗಲು ರಾತ್ರಿ, ವರ್ಷಗಟ್ಟಲೆ. ಮೊದಲು ಉಪಗ್ರಹದಿಂದ ಇಣುಕುತ್ತಿದ್ದವರು ಈಗ ಗೇಟಿನ ಮುಂದೆ ನಿಂತು ಲಾರಿ ಎಣಿಸುವ ಹಂತಕ್ಕೆ ಬಂದಿದ್ದರು. ನನ್ನ ಮಟ್ಟಿಗೆ ಶೀತಲ ಸಮರ ಮುರಿದದ್ದು ಇಲ್ಲಿ. ಬರ್ಲಿನ್ ಗೋಡೆ ಆಮೇಲಿನದು.

ಆ ಒಪ್ಪಂದವೂ 2019ರ ಆಗಸ್ಟ್‌ನಲ್ಲಿ ಸತ್ತಿತು, ಅಮೆರಿಕ ಹೊರಬಂತು. ಆ ಸಿಟ್ಟಿನ ಬಗ್ಗೆ ಬರೆಯಲು ಕೂತರೆ ಇದು ರಿವ್ಯೂ ಆಗಿ ಉಳಿಯುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಹೈ ಹೀಲ್ಸ್ ಬೇಡವೇ ಬೇಡ, ಕೆಳಗೆ ಜಾಲರಿ ನೆಲ ಇದೆ. ಎತ್ತರದವರು ಹೆಲ್ಮೆಟ್ ಹಾಕಿಕೊಳ್ಳಬೇಕು, ನಾಚಿಕೆ ಬೇಡ. ಮೆಟ್ಟಿಲು ಕಷ್ಟ ಆಗುವವರು ಬುಕ್ ಮಾಡುವಾಗಲೇ ವಿಚಾರಿಸಿ. ಬೇಸಿಗೆಯಲ್ಲಾದರೆ ಬೆಳಗ್ಗೆಯ ಸ್ಲಾಟ್ ಹಿಡಿಯಿರಿ, ಕೆಳಗೆ ತಂಪು ಆದರೆ ಮುಚ್ಚಳ ಇರುವುದು ಮೇಲೆ, ಮರುಭೂಮಿಯ ಬಿಸಿಲಲ್ಲಿ. ಹ್ಯಾಮ್ ರೇಡಿಯೊ ಹವ್ಯಾಸ ಇದ್ದವರಿಗೆ ಇನ್ನೊಂದು ಖುಷಿ: ಹಳೆಯ ಸೈನಿಕ ಆಂಟೆನಾಕ್ಕೆ ತಮ್ಮ ಸೆಟ್ ಜೋಡಿಸಿ ಮಾತಾಡಲು ಅಲ್ಲಿ ಬಿಡುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಬೇಜಾರಾಗಬಹುದು. ಹೈಸ್ಕೂಲ್ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಆ ತೂತು ಯಾಕೆ ಕೊರೆದಿದ್ದಾರೆ ಅಂತ ಅವರನ್ನೇ ಕೇಳಿ ನೋಡಿ.